ಪೈಪಿನೊಳಗಿನ ನೀರು

"ನೋಡ್ಲಾ ನಟ್ರಾಜು, ಮೂಗೊಳಕ್ಕೆ ನೀರು ಬುಟ್ಟವ್ಳೆ ನಿನ್ನೆಂಡ್ರು," ಎಂದು ಪುಟ್ಟಗೌರಮ್ಮ ಮುಖದ ಮಾಸ್ಕನ್ನು ಕಿತ್ತು ಹಾಸಿಗೆಯ ಮೇಲೆ ಎಸೆದಳು. ಕೆನ್ನೆ, ಗಲ್ಲ, ರವಿಕೆಯ ಕೊರಳು ಎಲ್ಲ ಒದ್ದೆ. ಒಲೆಯ ಮುಂದಿದ್ದ ಸೊಸೆ ಆಶಾರಾಣಿ ಎದ್ದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಯಳಂದೂರಿನಿಂದ ಬಂದಿದ್ದ ನಾದಿನಿ ಶಿವರತ್ನಮ್ಮ ತಾಯಿಯ ಮುಖ ಒರೆಸುತ್ತ ಅತ್ತಿಗೆಯನ್ನು ಒಮ್ಮೆ ನೋಡಿದಳು.

ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಮೈಸೂರಿನ ಡಾಕ್ಟರು ಪುಟ್ಟಗೌರಮ್ಮನಿಗೆ ರಾತ್ರಿಯಿಡೀ ಮಾಸ್ಕಿನೊಳಗೆ ಗಾಳಿ ಊದುವ ಸಿಪ್ಯಾಪ್ ಮಿಷನ್ ಬರೆದುಕೊಟ್ಟು ಎರಡು ತಿಂಗಳಾಗಿತ್ತು. ಅವರ ಊರು ಶಾಗ್ಯದಲ್ಲಿ ಚಳಿ ಬಿದ್ದ ಮೇಲೆ ಅದರ ಪೈಪಿನೊಳಗೆ ಗೊಳಗೊಳ ಸದ್ದು ಶುರುವಾಯಿತು. ಆ ಗಾಳಿಗೆ ಹಬೆ ಕೂಡಲೆಂದು ಮಿಷನ್ನಿನ ಡಬ್ಬಿಗೆ ದಿನವೂ ಸಂಜೆ ನೀರು ತುಂಬುತ್ತಿದ್ದವಳು ಆಶಾರಾಣಿ. ಹಿಂದೊಮ್ಮೆ, ಹಜಾರದ ಮೂಲೆಯಲ್ಲಿ ಬೆಳಕಿಲ್ಲದೆ ರವಿಕೆ ಹೊಲಿದು ಸಾಕಾಗಿ, ಅತ್ತೆಯ ರೂಮು ಹೊಲಿಗೆ ಮಿಷನ್ನಿಗೆ ಚೆನ್ನಾಗಿರುತ್ತಿತ್ತು ಅಂದುಬಿಟ್ಟಿದ್ದಳು. ಪುಟ್ಟಗೌರಮ್ಮ ಅದನ್ನು ಮರೆತಿರಲಿಲ್ಲ. ನಾನು ಸತ್ತರೆ ರೂಮು ಅವಳದಾಗುತ್ತದೆ ಎಂದು ಬೀದಿ ನಲ್ಲಿಯ ಹತ್ತಿರವೂ ಹೇಳಿಕೊಂಡು ಬಂದಿದ್ದಳು.

"ಡಬ್ಬೀಲಿರೋ ಗೆರೆಗಂಟ ನೀರು ಆಕಿದ್ದು ಕಣ್ರಿ. ಬೇಕಾದ್ರೆ ನೀವೇ ನೋಡಿ," ಎಂದಳು ಆಶಾರಾಣಿ.

ಹನೂರಿನ ಹೈಸ್ಕೂಲಿನಲ್ಲಿ ಅಟೆಂಡರಾಗಿದ್ದ ನಟರಾಜು ಡಬ್ಬಿಯ ಕಡೆ ತಿರುಗಲಿಲ್ಲ. "ಇನ್ಮ್ಯಾಲೆ ವಸಿ ಕಮ್ಮಿ ಆಕು," ಎಂದು ಷರ್ಟಿನ ಗುಂಡಿ ಹಾಕಿಕೊಂಡ.

ಆಶಾರಾಣಿ ಪೈಪನ್ನು ಕಳಚಿ ಬೆಳಕಿಗೆ ಹಿಡಿದಳು. ಒಳಗೆ ಉದ್ದಕ್ಕೂ ಹನಿ ಕಟ್ಟಿತ್ತು, ಕಿಟಕಿಯ ಗಾಳಿ ಬಡಿಯುವ ಕಡೆ ದಟ್ಟವಾಗಿ. ಮಿಷನ್ನಿನ ಮೇಲೆ ಅಂಟಿಸಿದ್ದ ಕಂಪನಿಯ ನಂಬರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದಳು.

"ಮಿಷನ್ ಎಲ್ಲಿಟ್ಟಿದ್ದೀರಮ್ಮ?" ಎಂದಿತು ಆ ಕಡೆಯ ಗಂಡಸಿನ ದನಿ.

"ಗ್ವಾಡೆ ಅಲಗೆ ಮ್ಯಾಲೆ, ಸಾ."

"ಅದಕ್ಕೇ. ಬೆಚ್ಚಗಿನ ಹಬೆ ತಣ್ಣನೆ ಪೈಪಲ್ಲಿ ನೀರಾಗುತ್ತೆ. ಮಿಷನ್ ಎತ್ತರದಲ್ಲಿದ್ರೆ ಅಷ್ಟೂ ಮುಖಕ್ಕೆ ಇಳಿಯುತ್ತೆ. ಮಂಚಕ್ಕಿಂತ ಕೆಳಗಿಡಿ. ಪೈಪಿಗೆ ದಪ್ಪ ಬಟ್ಟೆ ಹೊದಿಸಿ, ಕಿಟಕಿ ಮುಚ್ಚಿ, ಹಬೆ ಒಂದು ನಂಬರು ಇಳಿಸಿ. ಡಬ್ಬಿಗೆ ನೀರು ಹಾಕೋದ್ರಲ್ಲಿ ಏನೂ ತಪ್ಪಿಲ್ಲ."

ಇಲಿ ಕಾಟವೆಂದು ಆ ಹಲಗೆ ಹೊಡೆದವನು ನಟರಾಜು. ಮಾಸ್ಕಿನೊಳಗೆ ಸೆಕೆ ಎಂದು ಚಳಿಯಲ್ಲೂ ಕಿಟಕಿ ತೆಗೆಸುತ್ತಿದ್ದವಳು ಪುಟ್ಟಗೌರಮ್ಮ. ಫೋನು ಇಟ್ಟ ಮೇಲೆ ನಟರಾಜು ಮಿಷನ್ನನ್ನು ಇಳಿಸಿ ಮಂಚದ ಪಕ್ಕದ ಗಿಡ್ಡ ಮಣೆಯ ಮೇಲಿಟ್ಟು ಕೆಲಸಕ್ಕೆ ಹೋದ.

ಆ ಮಧ್ಯಾಹ್ನ ಆಶಾರಾಣಿ ಒಂದು ಹಳೆಯ ರಗ್ಗು ಕತ್ತರಿಸಿ ಪೈಪಿನ ಉದ್ದಕ್ಕೆ ಗವುಸು ಹೊಲಿದಳು. ದಪ್ಪಕ್ಕೆ ಎರಡು ಸೂಜಿ ಮುರಿದವು. ಮುಂದಿನ ಮೂರು ದಿನವೂ ಬೆಳಿಗ್ಗೆ ಪೈಪು ಒಣಗಿಕೊಂಡೇ ಇತ್ತು.

"ಅಣ್ಣ ಕೆಳಗಿಟ್ಟ ಮ್ಯಾಲೆ ಸರಿಯೋಯ್ತು," ಎಂದಳು ಶಿವರತ್ನಮ್ಮ. ಪುಟ್ಟಗೌರಮ್ಮ ಹೂಂಗುಟ್ಟಿದಳು. ಒಂದು ಮಾತು ಬರಬಹುದೆಂದು ಆಶಾರಾಣಿ ಕಸ ಗುಡಿಸುವ ನೆವದಲ್ಲಿ ಅಲ್ಲೇ ಸುಳಿದಾಡಿದಳು. ಬರಲಿಲ್ಲ.

ಸಂಜೆ ನೀರು ತುಂಬಲು ಹೋದರೆ ನಟರಾಜು ಆಗಲೇ ಡಬ್ಬಿ ಹಿಡಿದು ಕೂತಿದ್ದ.

"ಇನ್ಮ್ಯಾಲೆ ನಾನೇ ಉಯ್ತೀನಿ ಬುಡು. ಅವ್ವುಂಗೂ ಸಮಾಧಾನ."

"ನಿಮ್ಗೂವಾ?"

ಅವನು ಡಬ್ಬಿಯ ಮುಚ್ಚಳ ಒತ್ತಿದ. ಅದು ಸರಿಯಾಗಿ ಕೂತಿದ್ದರೂ ಇನ್ನೊಮ್ಮೆ ಒತ್ತಿದ.

ಮರುದಿನ ಬೆಳಿಗ್ಗೆ ಶಿವರತ್ನಮ್ಮ ಯಳಂದೂರಿಗೆ ಹೊರಟು ನಿಂತಿದ್ದಳು. ಆಶಾರಾಣಿ ಎಲ್ಲರಿಗೂ ಕಾಫಿ ತಂದಳು. ಪುಟ್ಟಗೌರಮ್ಮ ತನ್ನ ಲೋಟವನ್ನು ತೆಗೆದುಕೊಂಡು, ಬಾಯಿಗೆ ತಾರದೆ, ಮಗನ ಕಡೆ ಚಾಚಿದಳು.

"ನೀನೊಂದ್ ಗುಟುಕು ಕುಡಿದು ಕೊಡ್ಲಾ."

ನಟರಾಜು ಲೋಟ ತೆಗೆದುಕೊಂಡ. ಹೆಂಡತಿಯ ಕಡೆ ನೋಡದೆ ಒಂದು ಗುಟುಕು ಕುಡಿದ. ತುಟಿ ಒರೆಸಿಕೊಂಡು, ಲೋಟವನ್ನು ತಾಯಿಯ ಕೈಗೆ ಕೊಟ್ಟ.