ಕೇಳದೆ ಸರಿಮಾಡಿದ ಸ್ಟಿಕ್

ವಿಡಿಯೋ ಆಟದ ಹೊಸ ಕಂಟ್ರೋಲರ್ ಒಂದರ ಬೆಲೆಯಲ್ಲಿ ಒಂದು ಜೊತೆ ಗಟ್ಟಿ ಬೂಟು ಬರುತ್ತದೆ. ಹೆಬ್ಬೆರಳಲ್ಲಿ ಆಡಿಸುವ ಅದರ ಸ್ಟಿಕ್ ಕೆಟ್ಟಿದೆ ಎಂದು ನನ್ನ ಅಂಗಡಿಗೆ ತಂದರೆ, ಆ ಬೂಟಿಗೆ ಹೊಸ ಅಟ್ಟೆ ಹಾಕಿಸಿದಷ್ಟು ಖರ್ಚು. ಬರೀ ಧೂಳು ಕೂತಿದ್ದರೆ ಎರಡು ಟೀ ದುಡ್ಡು. ಇಷ್ಟನ್ನು ಯಾರೇ ಬಂದರೂ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮುಖ ಸಿಂಡರಿಸುವುದು ನನಗೂ ಬೇಡ, ಅವರಿಗೂ ಬೇಡ. ಪುಕ್ಕಟೆ ಮಾಡಿದ ಕೆಲಸಕ್ಕೆ ಎಷ್ಟು ಬೀಳುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಸ್ಟಿಕ್ಕಿನ ಬುಡದಲ್ಲಿ ಉಗುರಿನಗಲದ ಎರಡು ಹಸಿರು ಡಬ್ಬಿಗಳಿರುತ್ತವೆ. ಅವುಗಳೊಳಗೆ ಒಂದೊಂದು ಕಪ್ಪು ಪಟ್ಟಿ. ಬೆರಳು ಆಡಿದಂತೆಲ್ಲ ಒಂದು ತಗಡಿನ ನಾಲಿಗೆ ಆ ಪಟ್ಟಿಯನ್ನು ಸವರುತ್ತ ಓಡಾಡುತ್ತದೆ. ವರ್ಷಗಟ್ಟಲೆ ಸವರಿ ಸವರಿ ಪಟ್ಟಿ ಸವೆಯುತ್ತದೆ. ಆಗ ಬೆರಳು ತೆಗೆದರೂ ಆಟದೊಳಗಿನ ಮನುಷ್ಯ ನಿಲ್ಲುವುದಿಲ್ಲ. ಯಾರೋ ತಳ್ಳಿದ ಹಾಗೆ ಒಂದು ಕಡೆಗೆ ಹೋಗುತ್ತಲೇ ಇರುತ್ತಾನೆ. ಡ್ರಿಫ್ಟ್ ಎನ್ನುತ್ತಾರೆ. ನನ್ನ ಅರ್ಧ ಸಂಸಾರ ನಡೆಯುವುದು ಅದರಿಂದಲೇ.

ಅವತ್ತು ಆ ಹುಡುಗಿ ಬಂದಿದ್ದು ಡ್ರಿಫ್ಟಿಗಲ್ಲ. ಹಿಂದಿನ ಬೀದಿಯ ಟೈಲರ್ ಮಾಸ್ಟರ್ ಮಗಳು. ಚಾರ್ಜಿಂಗ್ ಪಿನ್ ಸಡಿಲವಾಗಿದೆ, ನಡುವೆ ಆಫ್ ಆಗಿಬಿಡುತ್ತದೆ, ಅಷ್ಟು ನೋಡಿ ಎಂದು ಕೊಟ್ಟುಹೋದಳು. ಪಿನ್ ಕೂರಿಸಿ ಪರೀಕ್ಷೆ ಮಾಡುವಾಗ ಎಡಗಡೆಯ ಸ್ಟಿಕ್ ಬಲಕ್ಕೆ ಎಳೆಯುವುದು ಕಣ್ಣಿಗೆ ಬಿತ್ತು. ನೋಡಿದ ಮೇಲೆ ಹಾಗೇ ಬಿಡಲು ಮನಸ್ಸು ಬರಲಿಲ್ಲ. ಹಳೆಯ ಸ್ಟಿಕ್ಕನ್ನು ಕಟ್ಟರಿನಲ್ಲಿ ತುಂಡರಿಸಿ, ಬೋರ್ಡಿಗೆ ಬೆಸೆದಿದ್ದ ಹದಿನಾಲ್ಕು ಕಾಲುಗಳನ್ನು ಸೋಲ್ಡರ್ ಐರನ್ನಿನಲ್ಲಿ ಬಿಸಿಮಾಡಿ ಒಂದೊಂದಾಗಿ ಕಿತ್ತೆ. ಇಡಿಯಾಗಿ ಎಳೆದರೆ ಬೋರ್ಡ್ ಹಾಳಾಗುತ್ತದೆ. ಬಂದ ಚೂರುಗಳನ್ನು ಎಂದಿನಂತೆ ಬೆಂಚಿನ ಕೆಳಗಿನ ಬಿಸ್ಕತ್ತಿನ ಡಬ್ಬಕ್ಕೆ ಎಸೆದೆ. ಸವೆಯದ ಜಾತಿಯ, ಅಯಸ್ಕಾಂತದ ಹೊಸ ಸ್ಟಿಕ್ ಹಾಕಿದೆ.

ಸಂಜೆ ಹುಡುಗಿ ಬಂದಾಗ ಸ್ವಲ್ಪ ಜಂಬದಿಂದಲೇ ಹೇಳಿದೆ. "ಸ್ಟಿಕ್ ಕೂಡ ಸರಿಮಾಡಿದ್ದೀನಮ್ಮ. ಅದಕ್ಕೆ ದುಡ್ಡು ಬೇಡ."

ಅವಳು ಸ್ಟಿಕ್ ಮೇಲೆ ಹೆಬ್ಬೆರಳಿಟ್ಟು ತೆಗೆದಳು. "ಇನ್ನು ತಾನಾಗೇ ಹೋಗಲ್ವಾ ಅಂಕಲ್?"

"ಹತ್ತು ವರ್ಷ ಅಲ್ಲಾಡಲ್ಲ."

ಅವಳು ಪಿನ್ನಿನ ದುಡ್ಡು ಎಣಿಸಿಟ್ಟು ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ. ಈಗಿನ ಮಕ್ಕಳೇ ಹೀಗೆ ಅಂದುಕೊಂಡೆ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮಾಸ್ಟರ್ ಮೆಟ್ಟಿಲ ಮೇಲೆ ಕೂತಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕೈಯಲ್ಲಿ ಕಂಟ್ರೋಲರ್.

"ಇದನ್ನ ಮೊದಲಿನ ಥರ ಮಾಡಿಕೊಡಿ," ಎಂದರು.

"ಮೊದಲು ಕೆಟ್ಟಿತ್ತಲ್ಲ ಮಾಸ್ಟರ್."

"ಹೌದು. ಹಾಗೇ ಕೆಡಿಸಿಕೊಡಿ."

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಸ್ಟೂಲ್ ಎಳೆದುಕೊಟ್ಟೆ. ಅವರು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದರು.

ಮಗ ಹೋಗಿ ಎಂಟು ತಿಂಗಳು. ಜ್ವರವೆಂದು ಆಸ್ಪತ್ರೆಗೆ ಸೇರಿದವನು ಹನ್ನೊಂದನೇ ದಿನ ಹೋದ. ಕಂಟ್ರೋಲರ್ ಅವನದು. ಒಂದು ದಿನ ಮಗಳು ಅಣ್ಣನ ಆಟ ಹಚ್ಚಿದಳು. ಅವನು ಕೊನೆಯ ಸಲ ನಿಲ್ಲಿಸಿದ್ದ ಜಾಗವೇ ತೆರೆಯಿತು: ಒಂದು ಮನೆಯ ಬಾಗಿಲು, ಮುಂದೆ ಕಲ್ಲಿನ ಗೋಡೆ, ದೂರದಲ್ಲಿ ಸೇತುವೆ, ಬಾಗಿಲಲ್ಲಿ ಉದ್ದ ಕೋಟಿನ ಮನುಷ್ಯ. ಮಗಳು ಕಂಟ್ರೋಲರ್ ಕೆಳಗಿಟ್ಟು ನೀರು ಕುಡಿಯಲು ಹೋದಳು. ಮಾಸ್ಟರ್ ಮಷಿನ್ ಮುಂದೆ ಕೂತಿದ್ದರು. ತಲೆಯೆತ್ತಿ ನೋಡಿದರೆ ಆ ಮನುಷ್ಯ ತಾನಾಗಿ ನಡೆಯುತ್ತಿದ್ದ. ಗೋಡೆ ಸವರಿಕೊಂಡು, ನಿಧಾನವಾಗಿ, ಸೇತುವೆಯ ತನಕ.

"ಆವತ್ತಿಂದ ದಿನಾ ಬೆಳಿಗ್ಗೆ ಹಾಕ್ಕೊಳ್ತೀನಿ. ನನಗೆ ಗೊತ್ತಿರೋದು ಎರಡೇ ಬಟನ್. ಒಂದು ಆನ್, ಒಂದು 'ಮುಂದುವರಿಸು'. ಒತ್ತಿದ್ರೆ ಮತ್ತೆ ಅದೇ ಬಾಗಿಲಲ್ಲಿ ನಿಂತಿರ್ತಾನೆ. ಒಂದು ಪ್ಯಾಂಟಿನ ಎರಡೂ ಕಾಲು ಮಡಿಸಿ ಹೊಲಿಯೋ ಹೊತ್ತಿಗೆ ಸೇತುವೆ ಮುಟ್ತಾನೆ. ಆ ಪಿನ್ ಸಡಿಲ ಆಗಿ ದಾರಿ ಮಧ್ಯ ನಿಂತುಬಿಡ್ತಿದ್ದ. ಅದಕ್ಕೇ ನಿಮ್ಮ ಹತ್ರ ಕಳಿಸಿದ್ದು. ಈಗ ಬಾಗಿಲು ಬಿಟ್ಟು ಕದಲ್ತಾನೇ ಇಲ್ಲ."

ನಾನು ಬುದ್ಧಿವಂತನ ಹಾಗೆ ಒಂದು ಮಾತು ಹೇಳಿದೆ. "ಸ್ಟಿಕ್ಕನ್ನ ಬೆರಳಲ್ಲಿ ಸ್ವಲ್ಪ ಒತ್ತಿಹಿಡಿದರೆ ನಡೀತಾನಲ್ಲ ಮಾಸ್ಟರ್."

"ಅದು ನಾನು ನಡೆಸಿದ್ದು ಆಯ್ತು. ಅವನು ನಡೆದಿದ್ದು ಹೇಗಾಗುತ್ತೆ?"

ಕಂಟ್ರೋಲರನ್ನು ಬೆಂಚಿನ ಮೇಲಿಟ್ಟು ಕೇಳಿದರು. "ಅದು ಯಾಕೆ ಆ ಕಡೆಗೇ ಹೋಗ್ತಿತ್ತು?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಮಗ ಹೆಚ್ಚಾಗಿ ಆ ಕಡೆಗೇ ಒತ್ತಿದ್ದಾನೆ. ಅವನ ಹೆಬ್ಬೆರಳಿಗೆ ಪಟ್ಟಿ ಸವೆದಿದೆ."

ಅವರು ತಲೆಯಾಡಿಸಿದರು. ತಮ್ಮ ಬೆರಳಿಗೇ ಸವೆದ ಕತ್ತರಿ ಹಿಡಿದು ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. "ಸರಿ. ಆ ಹಳೇದು ಎಲ್ಲಿದೆ?"

ಬಿಸ್ಕತ್ತಿನ ಡಬ್ಬವನ್ನು ಬೆಂಚಿನ ಮೇಲೆ ಸುರಿದೆ. ವರ್ಷದ ಚೂರುಗಳು ಅದರಲ್ಲಿದ್ದವು. ಒಂದಕ್ಕೂ ಹೆಸರಿಲ್ಲ, ಗುರುತಿಲ್ಲ. ಸ್ಟಿಕ್ಕಿನ ಗೂಡು ತುಂಡಾಗಿದ್ದರೂ ಹಸಿರು ಡಬ್ಬಿಗಳು ಇಡಿಯಾಗಿದ್ದವು; ನಮಗೆ ಬೇಕಾದ ಸವೆತ ಅವುಗಳೊಳಗೇ ಇತ್ತು. ಮೇಲೆಮೇಲಿದ್ದ, ಅದೇ ಜಾತಿಯ ಏಳನ್ನು ಆರಿಸಿ ಕಾಗದದಲ್ಲಿ ಕಟ್ಟಿದೆ. ಆಟ ಇರುವುದು ಅವರ ಮನೆಯಲ್ಲಿ. ಹಾಗಾಗಿ ರಜೆಯ ದಿನ ಸೋಲ್ಡರ್ ಐರನ್ ಚೀಲಕ್ಕೆ ಹಾಕಿಕೊಂಡು ಅಲ್ಲಿಗೇ ಹೋದೆ.

ಒಂದೇ ಕೋಣೆ. ಒಂದು ಗೋಡೆಗೆ ಹೊಲಿಗೆ ಮಷಿನ್, ಎದುರು ಗೋಡೆಗೆ ಟಿವಿ, ನಡುವೆ ಕತ್ತರಿಸಿದ ಬಟ್ಟೆಯ ಗುಡ್ಡೆ. ಇಸ್ತ್ರಿ ಮೇಜಿನ ಮೇಲೆ ನಾನು ಕೂತೆ. ಅಯಸ್ಕಾಂತದ ಸ್ಟಿಕ್ ಕಿತ್ತು, ಹಳೆಯ ಜಾತಿಯ ಒಂದು ಗೂಡು ಕೂರಿಸಿ ಅದಕ್ಕೆ ಮೊದಲನೇ ಡಬ್ಬಿ ಹಾಕಿದೆ: ಕೋಟಿನ ಮನುಷ್ಯ ಹಿಂದುಹಿಂದಕ್ಕೆ ಹೋಗಿ ಮನೆಯೊಳಗೆ ಸೇರಿಕೊಂಡ. ಎರಡನೆಯದಕ್ಕೆ ಕದಲಲಿಲ್ಲ. ಮೂರನೆಯದಕ್ಕೆ ಎಡಕ್ಕೆ ಹೋಗಿ ಒಂದು ಗಾಡಿಗೆ ಮೂಗು ತಾಗಿಸಿ ನಿಂತ.

"ಕುಡಿದವನ ಹಾಗೆ ಆಡ್ತಾನಪ್ಪ," ಎಂದಳು ಹುಡುಗಿ. ಮಾಸ್ಟರ್ ಕೂಡ ಸಣ್ಣಗೆ ನಕ್ಕರು.

ನಾಲ್ಕನೆಯದೂ ಕೆಲಸಕ್ಕೆ ಬರಲಿಲ್ಲ. ಐದನೆಯದಕ್ಕೆ ಅವನು ಬಲಕ್ಕೆ ಹೊರಟ. ಗೋಡೆ ಸವರಿಕೊಂಡು, ಹೆಗಲು ಉಜ್ಜಿಕೊಂಡು. ಮಾಸ್ಟರ್ ಅವನನ್ನು ಮತ್ತೆ ಬಾಗಿಲಿಗೆ ತರಿಸಿ, ಒಂದು ಪ್ಯಾಂಟು ತೊಡೆಯ ಮೇಲೆ ಹಾಕಿಕೊಂಡು, ಸೂಜಿಗೆ ದಾರ ಪೋಣಿಸಿ, "ಬಿಡಮ್ಮ," ಎಂದರು. ಮಗಳು ಕಂಟ್ರೋಲರ್ ಕೆಳಗಿಟ್ಟಳು. ಕೋಟಿನ ಮನುಷ್ಯ ನಡೆದ, ಅವರು ಹೊಲಿದರು. ನಾನು ಸೂಜಿಯನ್ನೇ ನೋಡುತ್ತಿದ್ದೆ.

ಎರಡೂ ಕಾಲು ಹಾಗಿರಲಿ, ಮೊದಲನೇ ಕಾಲು ಮುಗಿಯುವುದಕ್ಕೇ ನಾಲ್ಕು ಹೊಲಿಗೆ ಬಾಕಿ ಇರುವಾಗಲೇ ಅವನು ಸೇತುವೆ ಮುಟ್ಟಿದ.

"ಅಪ್ಪ, ನಿನ್ನ ಕೈಯೇ ಇವತ್ತು ನಿಧಾನ ಆಯ್ತೇನೋ."

"ನಲವತ್ತು ವರ್ಷದ ಕೈ ಕಣಮ್ಮ. ನಿಧಾನ ಆಗಿಲ್ಲ." ದಾರವನ್ನು ಹಲ್ಲಿನಲ್ಲಿ ಕಡಿದರು. "ಇದು ಬೇರೆ ಯಾರ ಮನೆಯದೋ."

ಆರು, ಏಳನೆಯದಕ್ಕೆ ಅವನು ಬಲಕ್ಕೆ ತಿರುಗಲೇ ಇಲ್ಲ. ಆಗ ನನಗೆ ಗೊತ್ತಿದ್ದ ಇನ್ನೊಂದು ವಿಷಯವನ್ನೂ ಹೇಳಿದೆ. ಕೀಳುವಾಗ ಒಮ್ಮೆ, ಹಾಕುವಾಗ ಒಮ್ಮೆ ಐರನ್ನಿನ ಬಿಸಿ ತಿಂದ ಡಬ್ಬಿ ಮೊದಲಿನ ಲೆಕ್ಕದಲ್ಲೇ ನಡೆಯುತ್ತದೆಂದು ಹೇಳಲಾಗದು. ಆ ಐದನೆಯದು ಅವರ ಮಗನದೇ ಆಗಿದ್ದರೂ ಆಗಿರಬಹುದು. ನನ್ನ ಬಿಸಿಗೆ ಅದರ ನಡಿಗೆ ಬದಲಾಗಿರಬಹುದು.

ಮಾಸ್ಟರ್ ಸೂಜಿಯನ್ನು ಪ್ಯಾಂಟಿನ ಅಂಚಿಗೆ ಚುಚ್ಚಿಟ್ಟರು. "ಇರಬಹುದು ಅನ್ನೋದನ್ನ ದಿನಾ ಬೆಳಿಗ್ಗೆ ನೋಡ್ತಾ ಕೂರೋಕಾಗುತ್ತಾ? ಒಳ್ಳೇದನ್ನೇ ಹಾಕಿಬಿಡಿ. ಇವಳು ಆಡ್ಲಿ."

ಅಯಸ್ಕಾಂತದ್ದನ್ನೇ ಮತ್ತೆ ಹಾಕಿದೆ. ಹುಡುಗಿ ಹೆಬ್ಬೆರಳು ಒತ್ತಿ ಅವನನ್ನು ಸೇತುವೆಯ ತನಕ ನಡೆಸಿದಳು. ಮಾಸ್ಟರ್ ನೋಡಲಿಲ್ಲ, ಎರಡನೇ ಕಾಲು ಮಡಿಸುತ್ತಿದ್ದರು.

ಈಗ ನನ್ನ ಅಂಗಡಿಯಲ್ಲಿ ಕಿತ್ತದ್ದೆಲ್ಲ ಹೆಸರು ಬರೆದ ಪೊಟ್ಟಣದಲ್ಲಿ ಮೂರು ತಿಂಗಳು ಇರುತ್ತದೆ. ಕೇಳದೆ ಏನನ್ನೂ ಸರಿಮಾಡುವುದಿಲ್ಲ. ಅದು ನಾನು ಕಲಿತದ್ದು. ಅವರ ಮನೆಗೆ ನನ್ನಿಂದ ಬಂದದ್ದು ಹತ್ತು ವರ್ಷ ಅಲ್ಲಾಡದ ಒಂದು ಸ್ಟಿಕ್. ಹೋದದ್ದು, ದಿನಕ್ಕೊಮ್ಮೆ ಮಗ ಬಾಗಿಲಿಂದ ಸೇತುವೆಯ ತನಕ ನಡೆಯುತ್ತಿದ್ದುದು.