ಏಡಿ ಕೂಡ ಮನೆ ಮಾಡದ ಜಾಗ

ನಮ್ಮ ದ್ವೀಪದಲ್ಲಿ ಚಿಪ್ಪು ಹೆಕ್ಕುವವರಿಗೆ ಸುಳ್ಳು ಹೇಳುವುದು ತಪ್ಪಲ್ಲ, ಅದು ಕಸುಬಿನ ಒಂದು ಭಾಗ. ಕಪ್ಪೆಚಿಪ್ಪು ಸಿಗುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತುಂಬಿದ ಬುಟ್ಟಿ ಹೊತ್ತು ಬರುವವಳನ್ನು ನಿಲ್ಲಿಸಿ "ಎಲ್ಲಿ ಸಿಕ್ತೇ?" ಎಂದು ಕೇಳಿ ನೋಡಿ. "ಎಲ್ಲಿ ಸಿಗತ್ತೆ, ಬರೀ ಕೆಸರು" ಎನ್ನುತ್ತಾಳೆ. ಬುಟ್ಟಿಯ ನೀರು ಸೋರಿ ಅವಳ ಬೆನ್ನು ತೊಯ್ದಿರುತ್ತದೆ. ಕೇಳಿದವಳೂ ನಗುತ್ತಾಳೆ, ನಾಳೆ ಅವಳು ಹೇಳುವುದೂ ಅದನ್ನೇ.

ನನ್ನ ಅಕ್ಕನ ಜಾಗ ನಮ್ಮ ದ್ವೀಪಕ್ಕೂ ಆಚೆಯ ದೊಡ್ಡ ದ್ವೀಪಕ್ಕೂ ನಡುವೆ, ಕಪ್ಪು ಬಂಡೆಗಳ ಹಿಂಬದಿಯಲ್ಲಿತ್ತು. ಹದಿನೈದು ದಿನಕ್ಕೊಮ್ಮೆ ನೀರು ಪೂರ್ತಿ ಇಳಿದಾಗ ಮೂರು ದಿನ ಮಾತ್ರ ಅದು ತಲೆ ಎತ್ತುತ್ತಿತ್ತು, ಅದೂ ಒಂದೂವರೆ ಗಂಟೆ. ಅಮ್ಮ ಅದನ್ನು ಅಕ್ಕನೊಬ್ಬಳಿಗೇ ತೋರಿಸಿದ್ದಳು. ಭಾವ ಹುಟ್ಟು ಹಾಕಿ ಅವಳನ್ನು ಕರೆದೊಯ್ಯುತ್ತಿದ್ದ. ಅವನ ಸೊಂಟ ಹೋದ ಮೇಲೆ ಅಕ್ಕ ನನ್ನನ್ನು ಕರೆದಳು. ಎರಡು ದ್ವೀಪಗಳ ನಡುವೆ ಜನರನ್ನು ದಾಟಿಸುವ ಡೀಸೆಲ್ ದೋಣಿ ನನ್ನದು. ಬೇರೆ ದೋಣಿಗಳು ಬಂಡೆಗಳ ಆಚೆಯಿಂದ ಸುತ್ತಿ ಹೋಗುವುದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಅಕ್ಕ ದೊಡ್ಡ ದ್ವೀಪದಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯಲು ಹೋಗುತ್ತಾಳೆ ಎಂದು ಊರು ನಂಬಿತ್ತು. ನಂಬಿಸಿದವನು ನಾನೇ. ನನ್ನ ನಾಲಿಗೆಗೆ ಎಲುಬಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ನಂಬುತ್ತಾರೆ, ಏನು ಮಾಡೋಣ!

ಆ ಜಾಗದ ಚಿಪ್ಪನ್ನು ದೊಡ್ಡ ದ್ವೀಪದಲ್ಲಿ ಮಾರಿದ ದುಡ್ಡಿನಿಂದಲೇ ಅಕ್ಕನ ಮನೆ ನಡೆಯುತ್ತಿತ್ತು. ಭಾವನ ಔಷಧಿ, ಮಗಳ ನರ್ಸಿಂಗ್ ಓದು, ಎಲ್ಲವೂ. ಅಕ್ಕ ಒಂದೊಂದು ಚಿಪ್ಪನ್ನೂ ತನ್ನ ಬಳೆಯೊಳಗೆ ತೂರಿಸಿ ನೋಡುವಳು. ಬಳೆಯೊಳಗಿಂದ ಜಾರಿದರೆ ಅದು ಮಗು, ವಾಪಸ್ಸು ಕೆಸರಿಗೆ. ಸಿಕ್ಕಿಕೊಂಡರೆ ಮಾತ್ರ ಬುಟ್ಟಿಗೆ. ಇಪ್ಪತ್ತೆಂಟು ವರ್ಷ ಹೀಗೆ ತೆಗೆದರೂ ಆ ಜಾಗ ಬರಿದಾಗಿರಲಿಲ್ಲ. ನಾನು ದೋಣಿಯಲ್ಲಿ ಕೂತು ಆಕಳಿಸುತ್ತಾ, "ನೀನೇನು ಚಿಪ್ಪಿಗೆ ಹೆಣ್ಣು ನೋಡೋಕೆ ಬಂದಿದೀಯಾ, ಬೇಗ ಬಾರೇ" ಎಂದು ಕೂಗುತ್ತಿದ್ದೆ. ಅವಳು ಒಂದು ಹಿಡಿ ಕೆಸರು ನನ್ನತ್ತ ಎಸೆಯುತ್ತಿದ್ದಳು.

ಹೀಗಿರುವಾಗ ಫೆರಿ ಬರುತ್ತದೆಂಬ ಸುದ್ದಿ ಬಂತು. ಕಾರು, ಲಾರಿ ಎಲ್ಲ ಹತ್ತುವ ದೊಡ್ಡ ಹಡಗು, ಇಪ್ಪತ್ತು ನಿಮಿಷದಲ್ಲಿ ಆಚೆ ದಡ. ನನ್ನ ಅನ್ನಕ್ಕೇ ಕಲ್ಲು ಬೀಳುವ ಸುದ್ದಿ, ಆದರೂ ಬೇಡವೆನ್ನುವ ಮುಖ ನನಗಿರಲಿಲ್ಲ. ಅಲೆ ಎದ್ದ ದಿನ ಹೆರಿಗೆ ನೋವಿನ ಹೆಂಗಸನ್ನು ದಾಟಿಸಲಾಗದೆ ದಡದಲ್ಲೇ ನಿಂತವನು ನಾನು. ಫೆರಿ ಬೇಕು ಎಂದು ಮನೆಯಲ್ಲೂ ಹೇಳಿದ್ದೆ. ಸರ್ವೆಗೆ ಬಂದ ಮೇಡಂ ನನ್ನ ದೋಣಿಯನ್ನೇ ಮೂರು ದಿನಕ್ಕೆ ಗೊತ್ತು ಮಾಡಿಕೊಂಡಳು. ಮೊಣಕಾಲಿನವರೆಗೆ ಬೂಟು, ಕೈಯಲ್ಲಿ ಟ್ಯಾಬ್, ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಬಕೆಟ್ಟು. ಅದನ್ನು ನೀರಿಗೆ ಬಿಟ್ಟು ತಳದ ಮಣ್ಣು ಎತ್ತಿ ನೋಡುವಳು. ಎರಡನೆಯ ದಿನ ಉಬ್ಬರದ ಹೊತ್ತಿನಲ್ಲಿ ಬಂಡೆಗಳ ಹಿಂದೆ ಬಂದಾಗ ಕೇಳಿದಳು.

"ಇಲ್ಲಿ ತಳದಲ್ಲಿ ಏನಿದೆ ಅಣ್ಣ?"

"ಏನಿರತ್ತೆ ಮೇಡಂ, ಬರೀ ಕೆಸರು. ಏಡಿ ಕೂಡ ಮನೆ ಮಾಡಲ್ಲ."

"ಖಂಡಿತಾನಾ? ನಿಮ್ಮ ಮಾತನ್ನೇ ಬರ್ಕೊಳ್ತೀನಿ."

"ಬರ್ಕೊಳ್ಳಿ. ಇಪ್ಪತ್ತಾರು ವರ್ಷದಿಂದ ದೋಣಿ ನಡೆಸ್ತಿದೀನಿ."

ಅವಳು ಬಕೆಟ್ಟು ಬಿಡುವ ಮುಂಚೆ ನಾನು ದೋಣಿಯನ್ನು ಮೆಲ್ಲಗೆ ಹದಿನೈದು ಮಾರು ಆಚೆ ಸರಿಸಿದ್ದೆ. ಎರಡು ಸಲ ಎತ್ತಿದಳು, ಎರಡು ಸಲವೂ ಕಪ್ಪು ಕೆಸರೇ. ಅವಳು ಬರೆದುಕೊಂಡಳು. ಅವಳಿಗೆ ಗೊತ್ತಾದರೆ ಮಾರುಕಟ್ಟೆಗೆ ಗೊತ್ತಾಗುತ್ತದೆ, ಮಾರುಕಟ್ಟೆಗೆ ಗೊತ್ತಾದರೆ ಅಕ್ಕನ ಗತಿ ಮುಗಿಯಿತು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಬರೆದುಕೊಂಡದ್ದನ್ನು ಮುಂದೆ ಯಾರೋ ಓದುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಬುದ್ಧಿವಂತ ಬೇರೆ!

ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ, ಓದಿದ ಮೇಡಮ್ಮಿಗೇ ಹೇಗೆ ಚಳ್ಳೆಹಣ್ಣು ತಿನ್ನಿಸಿದೆ ಎಂದು ಅಭಿನಯ ಮಾಡಿ ತೋರಿಸಿದೆ. ಮಂಚದ ಮೇಲೆ ಒರಗಿದ್ದ ಭಾವ ಸೊಂಟ ಹಿಡಿದುಕೊಂಡು ನಕ್ಕ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. "ನೀನು ಹುಟ್ಟಿದ್ದಕ್ಕೆ ಇವತ್ತು ಸಾರ್ಥಕ ಆಯ್ತು ನೋಡು" ಎಂದು ನನ್ನ ತಟ್ಟೆಗೆ ಇನ್ನೊಂದು ಸಲ ಬಡಿಸಿದಳು. ಆ ಊಟ ನೆನೆದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ನಾಲ್ಕು ತಿಂಗಳ ಮೇಲೆ ಶಾಲೆಯ ಸಭಾಂಗಣದಲ್ಲಿ ಬೆಳಿಗ್ಗೆ ಹತ್ತಕ್ಕೆ ಅಹವಾಲು ಸಭೆ ಕರೆದರು. ಇಡೀ ಊರು ಬಂದಿತ್ತು. ಹಡಗಿನ ಎಣ್ಣೆ ನೀರಿಗೆ ಸೇರಿದರೆ ಮೀನಿನ ಗತಿಯೇನು ಎಂದು ಬಲೆ ಹೆಣೆಯುವವನು ಕೇಳಿದ. ಅಲೆ ಹೊಡೆದು ದಡ ಕುಸಿದರೆ ತನ್ನ ಅಂಗಡಿ ನೀರಿಗೆ ಬೀಳುತ್ತದೆ ಎಂದು ದರ್ಜಿ ಎದ್ದ. ನಮಗೆ ಫೆರಿ ಬೇಕೇ ಬೇಕು, ಜನ ಸಾಯ್ತಿದಾರೆ ಎಂದು ಶಾಲೆಯ ಟೀಚರಮ್ಮ ದನಿ ಏರಿಸಿದಳು. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಅಧಿಕಾರಿ ಗೋಡೆಯ ಮೇಲೆ ನಕ್ಷೆ ಬಿಟ್ಟರು.

ನಕ್ಷೆಯಲ್ಲಿ ಎರಡು ಗೆರೆ ಇದ್ದವು. "ಒಂದು ದಾರಿ ಬಂಡೆಗಳನ್ನ ಸುತ್ತಿ ಹೋಗತ್ತೆ, ಇನ್ನೊಂದು ಬಂಡೆಗಳ ಹಿಂದಿನಿಂದ ನೇರ ಹೋಗತ್ತೆ" ಎಂದರು ಅಧಿಕಾರಿ. "ಹಿಂದಿನದು ಬರೀ ಕೆಸರು, ಜೀವ ಜಂತು ಏನೂ ಇಲ್ಲ ಅಂತ ವರದಿ ಬಂದಿದೆ. ಹಾಗಾಗಿ ಅದನ್ನೇ ಅಗೆದು ಆಳ ಮಾಡ್ತೀವಿ." ಕೆಂಪು ಗೆರೆ ಸರಿಯಾಗಿ ಅಕ್ಕನ ಜಾಗದ ಮೇಲೆಯೇ ಹಾದುಹೋಗಿತ್ತು.

ಹೆಂಗಸರ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಜೀವಮಾನದಲ್ಲಿ ಸಭೆಯಲ್ಲಿ ಕೆಮ್ಮಿದವಳೂ ಅಲ್ಲ ಅವಳು. "ಅಲ್ಲಿ ಚಿಪ್ಪು ಇದೆ ಸಾರ್. ತುಂಬಾ ಇದೆ" ಎಂದಳು.

ಅಧಿಕಾರಿ ಒಳ್ಳೆಯ ಮನುಷ್ಯ. ಗದರಲಿಲ್ಲ, ಹಾಳೆ ತಿರುವಿ ಹಾಕಿ ಕನ್ನಡಕ ಏರಿಸಿಕೊಂಡು ಓದಿದರು: "ಸ್ಥಳೀಯ ದೋಣಿ ಚಾಲಕ, ಇಪ್ಪತ್ತಾರು ವರ್ಷಗಳ ಅನುಭವ. ಹೇಳಿಕೆ: ಇಲ್ಲಿ ಬರೀ ಕೆಸರು, ಏಡಿ ಕೂಡ ಮನೆ ಮಾಡುವುದಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಇಂಥ ಮಾತು ಯಾರ ಬಾಯಿಂದ ಬಂದೀತೆಂದು ಊರಿಗೆ ಗೊತ್ತಿಲ್ಲವೇ? ಅಷ್ಟೂ ತಲೆ ನನ್ನ ಕಡೆ ತಿರುಗಿದವು. ಅಕ್ಕ ಮಾತ್ರ ತಿರುಗಲಿಲ್ಲ. "ಆ ದೋಣಿಯವರು ಇಲ್ಲಿದಾರಾ? ಇದು ನಿಮ್ಮ ಮಾತೇನಾ?" ಎಂದು ಅಧಿಕಾರಿ ಕೇಳಿದರು. ನಾನು ಎದ್ದು, "ಹೌದು ಸಾರ್, ನಂದೇ" ಎಂದು ಕೂತುಬಿಟ್ಟೆ. ಸುಳ್ಳು ಹೇಳಿದ್ದೆ ಎಂಬ ಎರಡು ಪದ ಸೇರಿಸಲಿಲ್ಲ. ಅಕ್ಕನ ಗುಟ್ಟು ಕಾಪಾಡಲು ಸುಮ್ಮನಿದ್ದೆ ಎಂದು ಆಮೇಲೆ ಹೆಂಡತಿಗೆ ಹೇಳಿದೆ. ಅದೂ ಸುಳ್ಳು. ಗುಟ್ಟನ್ನು ಅಕ್ಕ ಆಗಲೇ ಎಲ್ಲರೆದುರು ಒಡೆದಿದ್ದಳಲ್ಲ! ಅಷ್ಟು ಜನರೆದುರು, ಕನ್ನಡಕದ ಅಧಿಕಾರಿಯೆದುರು, ಸುಳ್ಳುಗಾರ ಅನ್ನಿಸಿಕೊಳ್ಳಲು ನನಗೆ ಭಯವಾಯಿತು, ಅಷ್ಟೇ. ಒಡಹುಟ್ಟಿದವಳು ಸುಳ್ಳುಗಾರ್ತಿ ಅನ್ನಿಸಿಕೊಂಡರೆ ಪರವಾಗಿಲ್ಲ ಅನ್ನಿಸಿತು. ಥೂ ನನ್ನ ಜನ್ಮಕ್ಕಿಷ್ಟು.

ಅಕ್ಕ ಕೂತಳು. ಮನೆಗೆ ಹೋಗುವಾಗ ನಾನು ಹಿಂದೆ ಹಿಂದೆ ಓಡಿದೆ. ಅವಳು ಬಾಗಿಲು ಹಾಕಿಕೊಳ್ಳಲಿಲ್ಲ, ಬೈಯಲಿಲ್ಲ, ಮಾತೂ ಆಡಲಿಲ್ಲ. ಭಾವ ಗೋಡೆ ಕಡೆ ತಿರುಗಿ ಮಲಗಿದ.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ, ಯಾರನ್ನೂ ಕೇಳದೆ, ದೊಡ್ಡ ದ್ವೀಪದ ಕಚೇರಿಗೆ ಹೋದೆ. "ಸಾರ್, ನಾನು ಅವತ್ತು ಸುಳ್ಳು ಹೇಳಿದ್ದೆ" ಎಂದೆ.

"ಅವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದೀರೋ?" ಎಂದರು ಅಧಿಕಾರಿ. ನಗುತ್ತಲೇ ಕೇಳಿದರು. ಕೊನೆಗೆ ಅವರೇ ದಾರಿ ಹೇಳಿದರು. ಲಿಖಿತ ಹೇಳಿಕೆ ಕೊಡಿ, ನಕ್ಷೆಯಲ್ಲಿ ಜಾಗ ಗುರುತು ಮಾಡಿ, ಒಂದೂವರೆ ತಿಂಗಳಲ್ಲಿ ಮತ್ತೆ ತನಿಖೆ ಮಾಡಿಸ್ತೀವಿ. ಚಿಪ್ಪು ಇದ್ದದ್ದು ನಿಜವಾದರೆ ಫೆರಿ ಬಂಡೆ ಸುತ್ತಿಕೊಂಡೇ ಹೋಗತ್ತೆ. ನಾನು ಪೆನ್ನು ಒತ್ತಿ ಹಿಡಿದು, ಒಂದು ಮಾರೂ ಆಚೀಚೆ ಆಗದ ಹಾಗೆ ಕತ್ತರಿ ಗುರುತು ಹಾಕಿಕೊಟ್ಟೆ. ವಾಪಸ್ಸು ಬರುವಾಗ ದೋಣಿಯಲ್ಲಿ ಒಬ್ಬನೇ ಹಾಡಿಕೊಂಡೆ. ತನಿಖೆ ಮುಗಿದ ಮೇಲೆ ಅಕ್ಕನ ಮುಂದೆ ಹೋಗಿ ನಿಲ್ಲುವುದೆಂದು ಲೆಕ್ಕ ಹಾಕಿ, ಅವಳಿಗೆ ಏನೂ ಹೇಳಲಿಲ್ಲ.

ಮೂರನೆಯ ದಿನ ಮಾರುಕಟ್ಟೆಯ ಗೋಡೆಗೆ ಒಂದು ನೋಟೀಸು ಅಂಟಿತ್ತು. ಇಂಥ ಜಾಗದಲ್ಲಿ ಚಿಪ್ಪು ಹೇರಳವಾಗಿದೆಯೆಂದು ಹೇಳಿಕೆ ಬಂದಿದೆ, ಆಕ್ಷೇಪಣೆ ಇದ್ದವರು ತಿಳಿಸಬಹುದು. ಕೆಳಗೆ ನಕ್ಷೆ. ನಕ್ಷೆಯಲ್ಲಿ ನಾನು ಹಾಕಿದ ಕತ್ತರಿ. ಅಲ್ಲಿಯವರೆಗೆ ಊರಿಗೆ ಬಂಡೆಗಳ ಹಿಂದೆ ಎಲ್ಲೋ ಎಂದಷ್ಟೇ ಗೊತ್ತಿತ್ತು; ಸಭೆಯಲ್ಲಿ ನಕ್ಕವರು ಅದನ್ನೂ ನಂಬಿರಲಿಲ್ಲ. ನೋಟೀಸಿನ ಮುಂದೆ ನಿಂತ ಎಂಟು ಹತ್ತು ಜನ ಬೆರಳಿಟ್ಟು ಅಳೆಯುತ್ತಿದ್ದರು. ನನ್ನನ್ನು ಕಂಡು ಐಸ್ ಫ್ಯಾಕ್ಟರಿಯವನು, "ಏನಪ್ಪಾ, ಪಾತ್ರೆ ತೊಳೆಯೋ ಮನೆ ಇದೇನಾ?" ಎಂದ. ಅಕ್ಕನಿಗೆ ಹೋಗಿ ಹೇಳುವ ಧೈರ್ಯ ಆಗಲೂ ಬರಲಿಲ್ಲ.

ನೀರು ಇಳಿದ ದಿನ ಎಂದಿನಂತೆ ಅಕ್ಕ ಬುಟ್ಟಿ ಹಿಡಿದು ಬಂದು ನನಗೆ ಬೆನ್ನು ಹಾಕಿ ದೋಣಿಯಲ್ಲಿ ಕೂತಳು. ಬಂಡೆ ಸುತ್ತಿದ ಕೂಡಲೇ ಕಂಡದ್ದು ಇಪ್ಪತ್ತಕ್ಕೂ ಹೆಚ್ಚು ದೋಣಿ. ಗುದ್ದಲಿ, ಹಾರೆ, ಕುಂಟೆ, ಗೋಣಿಚೀಲ. ದರ್ಜಿ ಇದ್ದ, ಬಲೆಯವನು ಇದ್ದ, ಟೀಚರಮ್ಮನೂ ಸೀರೆ ಎತ್ತಿ ಕಟ್ಟಿಕೊಂಡು ಬಾಗಿದ್ದಳು.

"ಏನ್ರೋ ಇದು, ನಾಚಿಕೆ ಆಗಲ್ವಾ?" ಎಂದು ನಾನು ಅರಚಿದೆ. ನಾಚಿಕೆಯ ಬಗ್ಗೆ ನಾನು ಮಾತಾಡಿದೆ!

"ಹೇಗಿದ್ರೂ ಫೆರಿಯವರು ಅಗೆದು ಎಸೀತಾರೆ. ಹಾಳಾಗೋ ಬದಲು ನಾಲ್ಕು ಜನ ತಿಂದ್ರೆ ತಪ್ಪೇನು? ನೋಟೀಸು ಹಾಕಿಸಿದ್ದು ನೀನೇ ಅಲ್ವಾ?" ಎಂದ ದರ್ಜಿ.

ಅಕ್ಕ ಅರೆಕ್ಷಣ ನನ್ನ ಕಡೆ ನೋಡಿದಳು. ಸಭೆಯ ನಂತರ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಆಮೇಲೆ ಮೊಣಕಾಲುದ್ದ ಕೆಸರಿಗೆ ಇಳಿದು ಒಬ್ಬೊಬ್ಬರ ಬಳಿಗೂ ಹೋದಳು. ಜಗಳಕ್ಕಲ್ಲ. ಬಳೆ ಬಿಚ್ಚಿ ಕೈಯಲ್ಲಿ ಹಿಡಿದು, "ಇದರೊಳಗೆ ತೂರೋದನ್ನ ಬಿಟ್ಬಿಡ್ರೇ, ಸಣ್ಣದು ಬಿಡಿ, ದಮ್ಮಯ್ಯ" ಎಂದು ಕೇಳಿಕೊಂಡಳು. ಒಬ್ಬಿಬ್ಬರು ತಲೆ ತಗ್ಗಿಸಿ ಒಂದು ಹಿಡಿ ವಾಪಸ್ಸು ಹಾಕಿದರು, ಅವಳು ಮುಂದೆ ಹೋದ ಮೇಲೆ ಮತ್ತೆ ಎತ್ತಿಕೊಂಡರು. ಮೂರು ದಿನ ಹಾಗೇ ನಡೆಯಿತು, ಹದಿನೈದು ದಿನ ಬಿಟ್ಟು ಇನ್ನೂ ಮೂರು ದಿನ. ಅಕ್ಕ ತನ್ನ ಬುಟ್ಟಿಗೆ ಒಂದನ್ನೂ ಹಾಕಿಕೊಳ್ಳಲಿಲ್ಲ.

ತನಿಖೆಗೆ ಬಂದದ್ದು ಅದೇ ಸರ್ವೆ ಮೇಡಂ. ಈ ಸಲ ಇಳಿತ ನೋಡಿಕೊಂಡೇ ಬಂದಿದ್ದಳು. ಅಕ್ಕನೂ ಜೊತೆಗಿದ್ದಳು. ಮೇಡಂ ಬೆವರು ಸುರಿಸಿ ಇಪ್ಪತ್ತು ಕಡೆ ಅಗೆದಳು. ಒಡೆದ ಚಿಪ್ಪಿನ ಚೂರು, ಗುಂಡಿ, ಗೋಣಿಯ ದಾರ. ಜೀವ ಇದ್ದದ್ದು ಒಂಬತ್ತು, ಎಲ್ಲವೂ ಉಗುರಿನಷ್ಟು.

"ಇತ್ತು ಅನ್ನೋದು ಕಾಣ್ತಿದೆ. ಆದರೆ ಇದೆ ಅಂತ ನಾನು ಬರೆಯೋಕಾಗಲ್ಲ. ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕಮ್ಮಾ?" ಎಂದಳು ಮೇಡಂ.

"ಐದಾರು ವರ್ಷ. ಯಾರೂ ಕೈ ಹಾಕದೆ ಇದ್ರೆ" ಎಂದಳು ಅಕ್ಕ.

ಮೇಡಂ ಮುಖ ಸಪ್ಪಗಾಯಿತು. ಮುಂದಿನ ವರ್ಷವೇ ಫೆರಿ ಓಡಬೇಕಿತ್ತು. ಹಾಳೆಯ ಮೇಲೆ ಏನೋ ಬರೆದು, ಸಾಕ್ಷಿಗೆ ಸಹಿ ಬೇಕೆಂದು ನನ್ನ ಮುಂದೆ ಹಿಡಿದಳು. ಸ್ಥಳದಲ್ಲಿ ಗಣನೀಯ ಪ್ರಮಾಣದಲ್ಲಿ ಚಿಪ್ಪು ಕಂಡುಬಂದಿಲ್ಲ ಎಂದಿತ್ತು. ಒಂದೇ ಒಂದು ಅಕ್ಷರ ಸುಳ್ಳಿಲ್ಲ. ನಾನು ಸಹಿ ಹಾಕಿದೆ.

ಮೇಡಂಳನ್ನು ಆಚೆ ದಡದಲ್ಲಿ ಇಳಿಸಿ ವಾಪಸ್ಸು ಬರುವಾಗ ಅಕ್ಕ ಬಾಯಿ ಬಿಟ್ಟಳು. ಎರಡು ತಿಂಗಳಿನ ಮೇಲೆ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ."

ಕೈಕೊಟ್ಟೆ ಎಂದಾದರೂ ಬೈಯಲಿ, ಕೆನ್ನೆಗೆ ಎರಡು ಬಿಗಿಯಲಿ ಎಂದು ನಾನು ಕಾಯುತ್ತಿದ್ದೆ. ಅವಳು ತುಂಬ ನಿಧಾನವಾಗಿ, ತನಗೇ ಹೇಳಿಕೊಳ್ಳುವವಳಂತೆ ಹೇಳಿದಳು: "ಗಂಡನ್ನ ಬಿಟ್ರೆ ಒಬ್ಬರಿಗೆ ಮಾತ್ರ ತೋರಿಸು ಅಂದಿದ್ಲು ಅಮ್ಮ. ಅದು ನನ್ನ ಮಗಳಿಗೆ ಸಲ್ಲಬೇಕಿತ್ತು. ನನ್ನ ತಮ್ಮ ಅಂತ ನಿನಗೆ ತೋರಿಸಿದೆ. ತಪ್ಪು ನಂದು."

ಅಲ್ಲ ಅಕ್ಕಾ, ನಂದು ಎನ್ನಬೇಕಿತ್ತು. ಎಂಜಿನ್ ಸದ್ದಿನಲ್ಲಿ ನಾನು ಅಳುವುದು ಅವಳಿಗೆ ಕೇಳಿಸಲಿಲ್ಲವೆಂಬುದೊಂದೇ ಪುಣ್ಯ. ದಡ ಬಂದಾಗ ಅಕ್ಕ ಇಷ್ಟು ವರ್ಷ ಇಳಿದ ಹಾಗೆಯೇ ನನ್ನ ಕೈ ಹಿಡಿದು ಇಳಿದಳು. ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮನೆ ಕಡೆ ನಡೆದಳು. ನಾನು ದೋಣಿ ಕಟ್ಟುವ ನೆಪದಲ್ಲಿ ಬಗ್ಗಿಯೇ ಇದ್ದೆ.