ತುಳಸಿಯ ಕೆಳಗಿನ ಬಸಳೆ

ಪ್ರತಿಮಾ ಹೆಣದ ಉಗುರುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಸಂದಿಯ ಮಣ್ಣು ಬಿಡಲೊಲ್ಲದು.

“ಸಾಕು ಬಿಡು ಬೌಮಾ,” ಎಂದು ಸೊಸೆಯನ್ನು ತಡೆದಳು ಅತ್ತೆ ಕಾತ್ಯಾಯನಿ. “ಚಿತೆ ಮೇಲೆ ಉಗುರು ಯಾರು ನೋಡ್ತಾರೆ?”

ಸತ್ತವಳು ಪ್ರತಿಮಾಳ ಮಾವನ ಅಕ್ಕ ಸುರಬಾಲಾ, ಊರಿಗೆಲ್ಲ ಪಿಶಿಮಾ, ಅಂದರೆ ಸೋದರತ್ತೆ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆಯುಟ್ಟು ತವರಿಗೆ ಮರಳಿ ಹಿತ್ತಿಲಿಗಿಳಿದವಳು ಮತ್ತೆ ಮೇಲೆ ಬರಲೇ ಇಲ್ಲ. ಸೆಗಣಿ, ಒಲೆಯ ಬೂದಿ, ಕೊಳೆಸಿದ ಸಾಸಿವೆ ಹಿಂಡಿ, ಇಷ್ಟರಲ್ಲೇ ಆಕೆ ಬೆಳೆದ ಪಡವಲ, ಕುಂಬಳ, ಬದನೆ ನದಿಯಾ ಜಿಲ್ಲೆಯಲ್ಲೆಲ್ಲ ಮನೆಮಾತು. ಈರುಳ್ಳಿ ಬೆಳ್ಳುಳ್ಳಿ ಸೋಕದ ಆಕೆಯ ಅಡುಗೆಗೆ ಮೀನಿಲ್ಲದೆ ಊಟ ಮಾಡದವರೂ ಕರೆಯದೆ ಬಂದು ಕೂರುತ್ತಿದ್ದರು.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಪಕ್ಕದ ಮನೆಯ ಹಾರು ಕಾಕಾ ಮೂಗೊರೆಸಿಕೊಂಡ. “ಅಂಥ ಬಾಳೆಮೂತಿ ಪಲ್ಯ ಇನ್ಯಾರು ಮಾಡ್ತಾರೆ ಹೇಳಿ!”

“ಅಳ್ತಿರೋದು ಪಿಶಿಮಾಗಾ, ಪಲ್ಯಕ್ಕಾ?” ಎಂದು ಅವನ ಹೆಂಡತಿ ಮೋಕ್ಷದಾ ತಿವಿದಳು. ಬಿದಿರು ಹಿಡಿದಿದ್ದವರೂ ನಕ್ಕುಬಿಟ್ಟರು.

ಕಾತ್ಯಾಯನಿ ಗಂಗಾಜಲ ತರಲು ಒಳಗೆ ಹೋದಳು. ಪ್ರತಿಮಾ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಎಳೆಯ ಬಸಳೆ ಎಲೆ.

*

ಆಷಾಢದಲ್ಲಿ ಜ್ವರ ಬಿಟ್ಟ ದಿನ ಪಿಶಿಮಾ ಬಸಳೆ ಚಪ್ಪರದ ಕೆಳಗೆ ಕೂತು ಕುಡಿ ಚಿವುಟುತ್ತಿದ್ದಳು. “ಬೌಮಾ, ಇದರ ರುಚಿ ಹೇಗಿರುತ್ತೆ? ಚಿಕ್ಕವಳಿದ್ದಾಗ ತಿಂದಿದ್ದೆ. ಮರೆತೇಹೋಯ್ತು.”

ಸೊಪ್ಪೇ ಆದರೂ ವಿಧವೆಗೆ ಬಸಳೆ ಮೀನಿಗೆ ಸಮ, ತಿನ್ನುವಂತಿಲ್ಲ. ಆಯುಷ್ಯವಿಡೀ ನೀರು ಹೊಯ್ದು ಬೆಳೆಸಿದ್ದನ್ನು ಪರರ ತಟ್ಟೆಗೆ ಕೊಟ್ಟು, ಕೈ ತೊಳೆದು ತನ್ನ ಬೇರೆ ಒಲೆಗೆ ಹೋಗುತ್ತಿದ್ದಳು ಪಿಶಿಮಾ.

“ಇವತ್ತೇ ಬೇಯಿಸಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ,” ಎಂದಳು ಪ್ರತಿಮಾ.

“ಹುಚ್ಚಿ! ಬದುಕಿದ್ದಾಗ ಬೇಡ. ಸತ್ತಮೇಲೆ ಒಂದೆಲೆ ಬಾಯೊಳಗಿಡು. ಹೆಣಕ್ಕೆಲ್ಲಿಯ ಏಕಾದಶಿ?” ಪಿಶಿಮಾ ನಕ್ಕಳು. ಆಮೇಲೆ, ನಗದೆ, “ಇಡ್ತೀಯಲ್ಲಾ?” ಎಂದಳು.

ಪ್ರತಿಮಾ ಕಾಲು ಮುಟ್ಟಿ ಮಾತು ಕೊಟ್ಟಿದ್ದಳು.

*

ನಾಲಗೆಯ ಮೇಲೆ ಬಸಳೆ, ಅದರ ಮೇಲೆ ತುಳಸಿ. ಪ್ರತಿಮಾಳ ಗಂಡ ನಿತಾಯಿ ಹೆಗಲು ಕೊಡಲು ಬಗ್ಗಿದ. ಅಷ್ಟರಲ್ಲಿ ತುಟಿಗೆ ಚಂದನ ಹಚ್ಚಲು ಬಂದ ಮೋಕ್ಷದಾ, “ತುಳಸಿ ಇಷ್ಟು ದಪ್ಪ ಇರುತ್ತಾ?” ಎಂದುಬಿಟ್ಟಳು.

ಕಾತ್ಯಾಯನಿ ಕೂಗಾಡಲಿಲ್ಲ. ಗಂಡನ ಅಕ್ಕನ ತಲೆಯನ್ನು ಹಸುಗೂಸಿನದೆಂಬಂತೆ ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಬೆರಳು ಹಾಕಿ ಎಲೆಯನ್ನು ಹೊರತೆಗೆದಳು. ಅಂಟಿದ್ದ ಚೂರನ್ನೂ ಒದ್ದೆ ಸೆರಗಿನಿಂದ, ನೋವಾದೀತೆಂಬಂತೆ ಮೆಲ್ಲಗೆ ಒರೆಸಿದಳು.

“ಅವರೇ ಕೇಳಿದ್ರು ಅಮ್ಮ. ಮಾತು ಕೊಟ್ಟಿದ್ದೆ.”

“ಗೊತ್ತು. ದೀದಿ ನನ್ನನ್ನೂ ಕೇಳಿದ್ರು, ನಾನು ಈ ಮನೆಗೆ ಬಂದ ವರ್ಷ. ನಾನು ಕೊಡಲಿಲ್ಲ.” ಕಾತ್ಯಾಯನಿ ಗಂಗಾಜಲ ಹನಿಸಿದಳು. “ಇವತ್ತು ಕೊಡಬಹುದು ಅಂದ್ರೆ, ಅವತ್ತು ನಾನ್ಯಾಕೆ ಕೊಡಲಿಲ್ಲ?”

“ಬೋಲೋ ಹರಿ, ಹರಿ ಬೋಲ್!” ಎಂಬ ಕೂಗಿನೊಡನೆ ಚಟ್ಟ ಮೇಲೆದ್ದಿತು. ಬಾಗಿಲವರೆಗೆ ಓಡಿದ ಪ್ರತಿಮಾ ಅಲ್ಲೇ ಕುಸಿದಳು. ಮೋಕ್ಷದಾ ಒಂದು ಲೋಟ ನೀರು ತಂದು ಅವಳ ಕೈಗಿತ್ತು, “ನನ್ನ ಬಾಯಿಗೆ ಬೆಂಕಿ ಬೀಳ್ಲಿ,” ಎಂದು ಬೆನ್ನು ಸವರಿದಳು.

“ಏಳು ಬೌಮಾ,” ಎಂದಳು ಕಾತ್ಯಾಯನಿ. “ಸತ್ತವರ ಆಸೆ ಉಳಿದ ಬಳ್ಳಿ ಮನೇಲಿರಬಾರದು. ಬುಡಸಮೇತ ಕಿತ್ತು ಹಾಕು.”

ಪ್ರತಿಮಾ ಕಿತ್ತಳು. ಚಪ್ಪರ ಬಟ್ಟಬಯಲಾಯಿತು. ಹೊರೆ ಬಳ್ಳಿಯನ್ನು ಹಾರು ಕಾಕಾನ ಕೆಂದ ಹಸುವಿನ ಮುಂದೆ ಸುರಿದಳು.

ಹಸು ಕಣ್ಣು ಅರೆಮುಚ್ಚಿ ಮೇಯುತ್ತಿತ್ತು. ಬಾಯಂಚಿನಿಂದ ಹಸಿರು ಲೋಳೆ ನೂಲಿನಂತೆ ಇಳಿಯುತ್ತಿತ್ತು. ಕಾತ್ಯಾಯನಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬಿದ್ದ ಎಲೆಗಳನ್ನು ಒಂದೂ ಬಿಡದೆ ಆರಿಸಿ, ಧೂಳು ಕೊಡವಿ, ಅದರ ಬಾಯಿಗೆ ಕೊಡುತ್ತಿದ್ದಳು.